ಕೇಳದಿದ್ದರೂ ಹೇಳಬೇಕಾದದ್ದು



ಕೊಡುವ ಕೊಳ್ಳುವ ವ್ಯವಹಾರಗಳಲ್ಲಿ ಇಸ್ಲಾಂ ಧರ್ಮವು ವಿಧಿಸಿರುವ ನಿಯಮಗಳನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕೇಳಿದ್ದಾರೆ. ನಾನು ಮೌಲ್ವಿಯಲ್ಲ, ಮದರಸದಲ್ಲಿ ಕುಳಿತು ಧರ್ಮಶಾಸ್ತ್ರವನ್ನು ಕ್ರಮವಾಗಿ ಓದಿದವನೂ ಅಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಅಧ್ಯಾಪಕ. ಆದರೆ ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಇದ್ದ ಎರಡು ಎಕರೆ ಹೊಲವನ್ನು ಉತ್ತು, ಉಳಿದ ದಿನಗಳಲ್ಲಿ ಸಂತೆಯಿಂದ ಸಂತೆಗೆ ರಾಗಿ, ಹುರುಳಿ, ಅವರೆಗಳ ವ್ಯಾಪಾರ ಮಾಡುತ್ತಿದ್ದ ತಂದೆಯ ಮಗನಾಗಿ ಬೆಳೆದವನು. ಗ್ರಂಥಗಳಲ್ಲಿರುವ ನಿಯಮಗಳನ್ನು ನಾನು ಓದಿದ್ದು ತಡವಾಗಿ. ಅವು ಸಂತೆಯಲ್ಲಿ ನಡೆಯುವುದನ್ನೂ, ನಡೆಯದಿರುವುದನ್ನೂ ನೋಡಿದ್ದು ಬಹಳ ಮೊದಲು. ಆ ಸಲುಗೆಯಿಂದಲೇ ಈ ವಿಷಯವನ್ನು ಕೈಗೆತ್ತಿಕೊಂಡಿದ್ದೇನೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ—ಈ ನಾಲ್ಕು ತಾಲ್ಲೂಕುಗಳ ಬದುಕು ಬೆಳೆಯಷ್ಟೇ ಮಾರಾಟವನ್ನೂ ಅವಲಂಬಿಸಿದೆ. ಹುಣಸೂರು ಪಿರಿಯಾಪಟ್ಟಣಗಳ ವರ್ಜೀನಿಯಾ ಹೊಗೆಸೊಪ್ಪು, ಕಾವೇರಿಯ ನಾಲೆಗಳು ಹರಿಯುವ ಕೃಷ್ಣರಾಜನಗರದ ಭತ್ತ, ಹೆಗ್ಗಡದೇವನಕೋಟೆಯ ಹತ್ತಿ ಮತ್ತು ಶುಂಠಿ—ಇವುಗಳಲ್ಲಿ ಯಾವುದೂ ಬೆಳೆದವನ ಮನೆಯಲ್ಲಿಯೇ ಮುಗಿದುಹೋಗುವಂತಹುದಲ್ಲ. ಇಂದಲ್ಲ ನಾಳೆ ಒಬ್ಬ ಕೊಳ್ಳುವವನ ಎದುರಿಗೆ ಹೋಗಿ ನಿಲ್ಲಲೇಬೇಕು. ಹಾಗೆ ಇಬ್ಬರು ಎದುರುಬದುರು ನಿಂತ ಗಳಿಗೆಯಲ್ಲಿ ಧರ್ಮಕ್ಕೇನು ಕೆಲಸ ಎಂಬುದು ಇಂದಿನ ಪ್ರಶ್ನೆ.

ಇಸ್ಲಾಮಿನ ಧರ್ಮಶಾಸ್ತ್ರಜ್ಞರು ಮನುಷ್ಯನ ನಡೆಯನ್ನು ಸ್ಥೂಲವಾಗಿ ಎರಡು ಭಾಗ ಮಾಡಿದ್ದಾರೆ. ನಮಾಜು, ಉಪವಾಸ ಮುಂತಾಗಿ ದೇವರಿಗೂ ಮನುಷ್ಯನಿಗೂ ನಡುವಣ ಸಂಬಂಧವು ಇಬಾದತ್. ವ್ಯಾಪಾರ, ಸಾಲ, ಗುತ್ತಿಗೆ, ಪಾಲುಗಾರಿಕೆ ಮುಂತಾಗಿ ಮನುಷ್ಯನಿಗೂ ಮನುಷ್ಯನಿಗೂ ನಡುವಣ ಸಂಬಂಧವು ಮುಆಮಲಾತ್. ಮೊದಲನೆಯದರಲ್ಲಿ ಹೇಳಿದಷ್ಟನ್ನೇ ಮಾಡಬೇಕು, ಹೊಸದನ್ನು ಸೇರಿಸುವಂತಿಲ್ಲ. ಎರಡನೆಯದರಲ್ಲಿ ನಿಷೇಧಿಸದೆ ಇರುವುದೆಲ್ಲವೂ ಸಮ್ಮತ. ಆದುದರಿಂದಲೇ ಊರೂರಿನ ಸಂತೆಯ ಪದ್ಧತಿಗಳಿಗೆ ಶಾಸ್ತ್ರದಲ್ಲಿ ಧಾರಾಳವಾಗಿ ಜಾಗವಿದೆ. ನಿಷೇಧಗಳು ಕೆಲವೇ, ಆದರೆ ಅವು ಬಲು ಬಿಗಿಯಾದವು. ಆ ಬಿಗಿಯನ್ನು ನಾನು ಅರಿತ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ.

ಕೃಷ್ಣರಾಜನಗರದ ಬಳಿ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಜುಬಾಜಿನಲ್ಲಿ ಸೇರುವ ದನಗಳ ಜಾತ್ರೆ ನಿಮ್ಮಲ್ಲಿ ಅನೇಕರಿಗೆ ಪರಿಚಿತವೇ. 1977ರ ಜನವರಿಯ ಜಾತ್ರೆಗೆ ನಮ್ಮ ತಂದೆ ಒಂದು ಜೊತೆ ಎತ್ತು ಹೊಡೆದುಕೊಂಡು ಹೋದರು. ಪಿ.ಯು.ಸಿ. ಓದುತ್ತಿದ್ದ ನಾನೂ ಜೊತೆಗಿದ್ದೆ. ಪರೀಕ್ಷೆಯ ಶುಲ್ಕ ಕಟ್ಟಬೇಕಿತ್ತು, ಊರಿಂದ ಬಂದು ಇರುತ್ತಿದ್ದ ಕೋಣೆಯ ಬಾಡಿಗೆಯೂ ಬಾಕಿಯಿತ್ತು. ಎತ್ತು ಮಾರುವುದಕ್ಕೆ ಅದೂ ಒಂದು ಕಾರಣ. ಜೋಡಿ ನೋಡಲು ಲಕ್ಷಣವಾಗಿತ್ತು. ಗಾಡಿಗೆ ಕಟ್ಟಿದರೆ ಚೆನ್ನಾಗಿ ನಡೆಯುತ್ತಿದ್ದವು, ಹೊಲವನ್ನೂ ಉಳುತ್ತಿದ್ದವು. ಎಡಗಡೆಯದಕ್ಕೆ ಮಾತ್ರ ಒಂದು ದೋಷವಿತ್ತು. ಕೆಸರುಗದ್ದೆಗೆ ಇಳಿಸಿದರೆ ಸ್ವಲ್ಪ ಹೊತ್ತಿಗೆಲ್ಲ ನೊಗವನ್ನು ಹೊತ್ತುಕೊಂಡೇ ಮಲಗಿಬಿಡುತ್ತಿತ್ತು, ಹೊಡೆದರೂ ಏಳುತ್ತಿರಲಿಲ್ಲ.

ಮಧ್ಯಾಹ್ನದ ಇಳಿಹೊತ್ತಿನಲ್ಲಿ ತಂದೆ ಅಸರ್ ನಮಾಜಿಗೆಂದು ಹೊಳೆಯ ಕಡೆಗೆ ಹೋದರು. ಅದೇ ಸಮಯಕ್ಕೆ ದಳ್ಳಾಳಿಯೊಬ್ಬ ನಡುವಯಸ್ಸಿನ ರೈತರೊಬ್ಬರನ್ನು ಕರೆತಂದ. ಅವರು ಹಲ್ಲು ನೋಡಿದರು, ಸುಳಿ ನೋಡಿದರು, ಗೊರಸು ಎತ್ತಿ ನೋಡಿದರು, ನೂರು ಹೆಜ್ಜೆ ನಡೆಸಿ ನೋಡಿದರು. ದಳ್ಳಾಳಿ ಹೆಗಲ ಮೇಲಿನ ಟವೆಲ್ಲನ್ನು ನನ್ನ ಕೈಮೇಲೆ ಹಾಸಿ ಅದರಡಿಯಲ್ಲಿ ಬೆರಳುಗಳನ್ನು ಹಿಡಿದ. ಆ ಲೆಕ್ಕ ನನಗೆ ಬರುತ್ತಿತ್ತು. ಮೂರು ಸಲ ಕೈ ಬಿಡಿಸಿಕೊಂಡು ನಾಲ್ಕನೆಯ ಸಲಕ್ಕೆ ಒಪ್ಪಿದೆ: ಸಾವಿರದ ನಾನ್ನೂರು ರೂಪಾಯಿ. ತಂದೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಬೆಲೆಗಿಂತಲೂ ನೂರು ಹೆಚ್ಚು. ಹಣ ಎಣಿಸಿಕೊಂಡೆ, ಹಗ್ಗ ಅವರ ಕೈಗೆ ಹೋಯಿತು.

ತಂದೆ ಹಿಂದಿರುಗಿದಾಗ ಹೆಮ್ಮೆಯಿಂದ ನೋಟುಗಳನ್ನು ಮುಂದಿಟ್ಟೆ. ಅವರು ಎಣಿಸಲಿಲ್ಲ. "ಕೆಸರಿನಲ್ಲಿ ಮಲಗುವ ವಿಷಯ ಹೇಳಿದೆಯಾ?" ಎಂದು ಕೇಳಿದರು.

"ಅವರು ಕೇಳಲಿಲ್ಲ" ಎಂದೆ.

ಶ್ರೋತೃಗಳೇ, ಕೊಡುಕೊಳೆಯ ನೀತಿಯೆಲ್ಲ ಈ ಎರಡು ಮಾತುಗಳ ನಡುವೆ ಇದೆಯೆಂದು ನನ್ನ ನಂಬಿಕೆ. ಕೇಳದಿದ್ದರೆ ಹೇಳಬೇಕೇ? ಲೋಕದ ವಾಡಿಕೆಯ ಉತ್ತರ ನಮಗೆ ಗೊತ್ತೇ ಇದೆ. ಕೊಳ್ಳುವವನಿಗೆ ಕಣ್ಣಿದೆ, ನೋಡಿಕೊಳ್ಳಲಿ. ನಮ್ಮ ದೇಶದ ಕರಾರು ಕಾಯಿದೆಯನ್ನು, ಅಂದರೆ 1872ರ ಕಾಂಟ್ರ್ಯಾಕ್ಟ್ ಆ್ಯಕ್ಟನ್ನು, ವಕೀಲ ಮಿತ್ರರೊಬ್ಬರು ಒಮ್ಮೆ ನನಗೆ ತೆರೆದು ತೋರಿಸಿದರು. ವಂಚನೆ ಎಂದರೇನೆಂದು ವಿವರಿಸುವ ಹದಿನೇಳನೆಯ ಸೆಕ್ಷನ್ನಿನ ಕೆಳಗೆ ಒಂದು ಕುದುರೆಯ ಉದಾಹರಣೆಯಿದೆ. ಒಬ್ಬನು ತನ್ನ ಕುದುರೆಗೆ ದೋಷವಿದೆಯೆಂದು ತಿಳಿದೂ ಅದನ್ನು ಹರಾಜಿನಲ್ಲಿ ಇನ್ನೊಬ್ಬನಿಗೆ ಮಾರುತ್ತಾನೆ, ದೋಷದ ಮಾತೆತ್ತುವುದಿಲ್ಲ. ಇದು ವಂಚನೆಯಲ್ಲವೆಂದು ಕಾಯಿದೆಯ ಅಭಿಪ್ರಾಯ. ಅದರ ಬೆನ್ನಿಗೇ ಮತ್ತೊಂದು ಉದಾಹರಣೆ: ಕೊಂಡವಳು ಅವನ ಮಗಳೇ ಆಗಿದ್ದು, ಆಗತಾನೇ ಪ್ರಾಯಕ್ಕೆ ಬಂದವಳಾಗಿದ್ದರೆ, ಆ ಸಂಬಂಧದ ಕಾರಣದಿಂದ ದೋಷವನ್ನು ತಿಳಿಸುವುದು ಅವನ ಕರ್ತವ್ಯವಾಗುತ್ತದೆ. ಅರ್ಥಾತ್, ಅಪರಿಚಿತನ ಮುಂದೆ ಮೌನ ಸಲ್ಲುತ್ತದೆ, ಮಗಳ ಮುಂದೆ ಸಲ್ಲದು. ಬಳಕೆದಾರರ ರಕ್ಷಣೆಗೆಂದು 1986ರಲ್ಲಿಯೂ 2019ರಲ್ಲಿಯೂ ಬಂದ ಕಾಯಿದೆಗಳು ಅಂಗಡಿಯವನ ಹೊಣೆಯನ್ನು ಹೆಚ್ಚಿಸಿವೆಯೆಂಬುದು ನಿಜ. ಆದರೆ ಆ ಕುದುರೆ ಇಂದಿಗೂ ಪುಸ್ತಕದಲ್ಲಿ ಹಾಗೆಯೇ ನಿಂತಿದೆ.

ಇಸ್ಲಾಮಿನ ವ್ಯಾಪಾರಧರ್ಮವು ಮಗಳಿಗೆ ಹೇಳುವುದನ್ನು ಎಲ್ಲರಿಗೂ ಹೇಳು ಎನ್ನುತ್ತದೆ. ಪ್ರವಾದಿ ಮುಹಮ್ಮದರು ಮದೀನದ ಪೇಟೆಯಲ್ಲಿ ನಡೆಯುತ್ತಿದ್ದಾಗ ಧಾನ್ಯದ ಒಂದು ರಾಶಿಯೊಳಗೆ ಕೈಯಿಟ್ಟರಂತೆ. ಬೆರಳಿಗೆ ತೇವ ತಗುಲಿತು. ವಿಚಾರಿಸಿದಾಗ ಮಳೆಯಲ್ಲಿ ನೆನೆಯಿತೆಂದು ವ್ಯಾಪಾರಿ ಹೇಳಿದ. ನೆನೆದದ್ದನ್ನು ಜನಕ್ಕೆ ಕಾಣುವಂತೆ ಮೇಲಕ್ಕೆ ಹಾಕಬಾರದಿತ್ತೇ ಎಂದು ಪೈಗಂಬರರು ಪ್ರಶ್ನಿಸಿ, ಮೋಸ ಮಾಡುವವನು ತಮ್ಮ ಬಳಗಕ್ಕೆ ಸೇರಿದವನಲ್ಲವೆಂದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ವ್ಯಾಪಾರಿ ಸುಳ್ಳು ಹೇಳಿರಲಿಲ್ಲ. ಮಳೆ ಅವನ ತಪ್ಪೂ ಅಲ್ಲ. ಒಣಗಿದ್ದು ಮೇಲಿತ್ತು, ನೆನೆದದ್ದು ಕೆಳಗಿತ್ತು, ಅಷ್ಟೇ. ಅದೇ ಅವನ ಅಪರಾಧವಾಯಿತು.

ದನದ ವ್ಯಾಪಾರಕ್ಕೆ ಸಂಬಂಧಿಸಿದ ನಿಯಮವೊಂದು ನಮ್ಮ ಜಾತ್ರೆಯನ್ನು ನೋಡಿಯೇ ಮಾಡಿದಂತಿದೆ. ಮಾರುವ ಮುನ್ನ ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿ ಕಾಣುವಂತೆ ಮಾಡುವ ತಂತ್ರ ಅಂದಿನ ಅರೇಬಿಯಾದಲ್ಲಿಯೂ ಇತ್ತು. ಅದನ್ನು ಪೈಗಂಬರರು ನಿಷೇಧಿಸಿದರು. ಹಾಗೆ ಮೋಸಹೋಗಿ ಕೊಂಡವನಿಗೆ ಮೂರು ದಿನಗಳ ಅವಕಾಶ. ಬೇಕಿದ್ದರೆ ಇಟ್ಟುಕೊಳ್ಳಬಹುದು, ಬೇಡವಾದರೆ ಹಿಂದಿರುಗಿಸಬಹುದು. ಹಿಂದಿರುಗಿಸುವಾಗ, ತಾನು ಕರೆದುಕೊಂಡ ಹಾಲಿಗೆ ಬದಲಾಗಿ ಒಂದು ಅಳತೆ ಖರ್ಜೂರವನ್ನು ಕೊಡಬೇಕು. ಮೋಸಹೋದವನೂ ತಾನು ಕುಡಿದ ಹಾಲಿನ ಋಣವನ್ನು ಇಟ್ಟುಕೊಳ್ಳಬಾರದೆಂಬ ಈ ಸೂಕ್ಷ್ಮವನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಈ ಹದೀಸನ್ನು ಶಾಫಿ ಮೊದಲಾದ ಪಂಥಗಳು ಅಕ್ಷರಶಃ ಪಾಲಿಸಿದರೆ, ಹನಫಿ ಪಂಥದ ಪಂಡಿತರು ಬೇರೆ ರೀತಿಯಲ್ಲಿ ಅರ್ಥೈಸುತ್ತಾರೆ. ಆದರೆ ತಂತ್ರವು ಪಾಪವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಈಗ ಮತ್ತೆ ಚುಂಚನಕಟ್ಟೆಗೆ ಬರೋಣ. ತಂದೆ ನನ್ನನ್ನು ಬೈಯಲಿಲ್ಲ. ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು, "ನಡಿ" ಎಂದರು. ಸಾವಿರಾರು ದನಗಳ ನಡುವೆ ಆ ರೈತರನ್ನು ಹುಡುಕುತ್ತ ಹೊರಟೆವು. ಕತ್ತಲಾಯಿತು, ಲಾಟೀನುಗಳು ಹತ್ತಿಕೊಂಡವು. ಕೊನೆಗೆ ಹೊಳೆಯ ದಂಡೆಯ ಬಳಿ, ನಮ್ಮ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ ಅವರು ಸಿಕ್ಕಿದರು. ತಂದೆ ಕೇಳಿದ ಮೊದಲ ಮಾತು: "ಗೌಡರೇ, ಇವನ್ನು ಕೊಂಡದ್ದು ಹೊಲಕ್ಕೋ, ಗದ್ದೆಗೋ?"

"ಗದ್ದೆಗೆ" ಎಂದರು ಅವರು. ನಾಲೆಯ ಕೆಳಗಿನ ಊರಿನವರು.

ತಂದೆ ದೋಷವನ್ನು ಹೇಳಿದರು. ಎತ್ತು ವಾಪಸು ಕೊಟ್ಟರೆ ಪೂರ್ತಿ ಹಣ ಕೊಡುವುದಾಗಿಯೂ ಹೇಳಿದರು. ಗೌಡರು ನಮ್ಮ ಪ್ರಾಮಾಣಿಕತೆಯನ್ನು ಹೊಗಳಿದರೆಂದು ನೀವು ಭಾವಿಸಬೇಡಿ. ಅವರಿಗೆ ಬಂದದ್ದು ಕೋಪ. ನನ್ನ ಕಡೆಗೆ ನೋಡಿ, "ಆಗ ಈ ಹುಡುಗನಿಗೆ ಬಾಯಿರಲಿಲ್ಲವೇನು?" ಎಂದರು. ನಾಲ್ಕು ಜನ ಸೇರಿದರು. ದಳ್ಳಾಳಿಯೂ ಬಂದ, ಮುಗಿದ ವ್ಯಾಪಾರವನ್ನು ಕೆದಕುವವರನ್ನು ತಾನು ನೋಡಿಯೇ ಇಲ್ಲವೆಂದು ಅವನಿಗೆ ಸಿಟ್ಟು. ಅರ್ಧ ಗಂಟೆಯ ವಾದವಾದ ಮೇಲೆ, ಎತ್ತುಗಳನ್ನು ಇಟ್ಟುಕೊಳ್ಳುವುದೆಂದೂ ಇನ್ನೂರು ರೂಪಾಯಿ ಇಳಿಸುವುದೆಂದೂ ತೀರ್ಮಾನವಾಯಿತು. ತಂದೆ ಲಾಟೀನಿನ ಬೆಳಕಿನಲ್ಲಿ ಇನ್ನೂರು ರೂಪಾಯಿ ಎಣಿಸಿ ಕೊಟ್ಟರು. ನನ್ನ ಶುಲ್ಕ ಮತ್ತು ಬಾಡಿಗೆ ಸೇರಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು. ಅಂದು ರಾತ್ರಿ ನಾನು ತಂದೆಯೊಂದಿಗೆ ಮಾತನಾಡಲಿಲ್ಲ. ನನಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಎಷ್ಟೋ ವರ್ಷಗಳ ಮೇಲೆ, 1111ರಲ್ಲಿ ತೀರಿಕೊಂಡ ಮಹಾಪಂಡಿತ ಇಮಾಂ ಗಝಾಲಿಯವರ ಗ್ರಂಥದಲ್ಲಿ ಒಂದು ಪ್ರಸಂಗವನ್ನು ಓದಿ ಬೆರಗಾದೆ. ಪ್ರವಾದಿಗಳ ಸಹಚರರಲ್ಲೊಬ್ಬರಾದ ವಾಸಿಲಾ ಎಂಬವರು ಪೇಟೆಯಲ್ಲಿ ನಿಂತಿದ್ದರು. ಒಬ್ಬನು ಮುನ್ನೂರು ದಿರ್ಹಮಿಗೆ ತನ್ನ ಒಂಟೆಯನ್ನು ಮಾರಿದ. ಕೊಂಡವನು ಅದನ್ನು ಹೊಡೆದುಕೊಂಡು ಹೊರಟಮೇಲೆ ವಾಸಿಲಾ ಅವನ ಹಿಂದೆ ಓಡಿ, ಇದನ್ನು ಕೊಂಡದ್ದು ಮಾಂಸಕ್ಕೋ ಸವಾರಿಗೋ ಎಂದು ಕೇಳಿದರು. ಸವಾರಿಗೆ ಎಂದ. ಹಾಗಾದರೆ ಕೇಳು, ಇದರ ಪಾದದಲ್ಲಿ ತೂತಿದೆ, ದೂರ ನಡೆಯಲಾರದು ಎಂದರು. ಕೊಂಡವನು ಹಿಂದಿರುಗಿ ಬಂದ. ಮಾರಿದವನು ನೂರು ದಿರ್ಹಂ ಇಳಿಸಬೇಕಾಯಿತು. ನನ್ನ ವ್ಯಾಪಾರ ಕೆಡಿಸಿದಿರಲ್ಲ ಎಂದು ಅವನು ಗೊಣಗಿದಾಗ ವಾಸಿಲಾ ಕೊಟ್ಟ ಉತ್ತರದ ಸಾರ ಇದು: ದೋಷವನ್ನು ಮುಚ್ಚಿಟ್ಟು ಮಾರುವುದು ಮಾರುವವನಿಗೆ ನಿಷಿದ್ಧ, ದೋಷ ತಿಳಿದೂ ಸುಮ್ಮನಿರುವುದು ಪಕ್ಕದಲ್ಲಿ ನಿಂತವನಿಗೂ ನಿಷಿದ್ಧ.

ಹೊಲಕ್ಕೋ ಗದ್ದೆಗೋ, ಮಾಂಸಕ್ಕೋ ಸವಾರಿಗೋ—ಎರಡೂ ಒಂದೇ ಪ್ರಶ್ನೆ. ನಮ್ಮ ತಂದೆ ಗಝಾಲಿಯವರನ್ನು ಓದಿದವರಲ್ಲ. ಶುಕ್ರವಾರದ ಪ್ರವಚನದಲ್ಲಿ ಎಂದಾದರೂ ಕೇಳಿದ್ದರೋ, ಅಥವಾ ಸಂತೆಯ ಅನುಭವವೇ ಆ ಪ್ರಶ್ನೆಯನ್ನು ಕಲಿಸಿತ್ತೋ ಕಾಣೆ. ವಸ್ತುವಿನ ದೋಷವೆನ್ನುವುದು ಕೊಳ್ಳುವವನ ಬಳಕೆಯಿಂದ ನಿರ್ಧಾರವಾಗುತ್ತದೆ. ಹೊಲದವನಿಗೆ ಆ ಎತ್ತಿನಲ್ಲಿ ಕುಂದೇ ಇರಲಿಲ್ಲ. ಆದುದರಿಂದ ಮಾರುವವನು ಬಾಯಿ ಬಿಡುವುದಷ್ಟೇ ಸಾಲದು, ಮೊದಲು ತಾನೇ ಒಂದು ಪ್ರಶ್ನೆಯನ್ನೂ ಕೇಳಬೇಕು.

ಈ ಒಂದು ಎಳೆಯನ್ನು ಹಿಡಿದುಕೊಂಡರೆ ಉಳಿದ ನಿಯಮಗಳೂ ಅರ್ಥವಾಗುತ್ತವೆ. ಹರಾಜನ್ನು ತೆಗೆದುಕೊಳ್ಳಿ. ತಂಬಾಕು ಮಂಡಳಿಯ ಕಾಯಿದೆ 1975ರಲ್ಲಿ ಬಂದು, ಕರ್ನಾಟಕದಲ್ಲಿ 1984ರಿಂದ ಹರಾಜು ಪದ್ಧತಿ ಆರಂಭವಾಯಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜುಕಟ್ಟೆಗಳಲ್ಲಿ ಸಾಲಾಗಿ ಇಟ್ಟ ಬೇಲುಗಳ ಮುಂದೆ ರೈತ ಉಸಿರು ಬಿಗಿಹಿಡಿದು ನಿಲ್ಲುವ ದೃಶ್ಯ ನಮ್ಮ ಭಾಗದವರಿಗೆ ಹೊಸದಲ್ಲ. ಕೂಗುವ ಹರಾಜು ಹೋಗಿ ಈಗ ವಿದ್ಯುನ್ಮಾನ ಹರಾಜು ಬಂದಿದೆ, ಅಷ್ಟೇ. ಹೊಗೆಸೊಪ್ಪಿನ ವ್ಯಾಪಾರವೇ ಸಮ್ಮತವೋ ಅಲ್ಲವೋ ಎಂಬ ಚರ್ಚೆ ಬೇರೆ. ಅದು ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಮುಸ್ಲಿಂ ನಾಡುಗಳಿಗೆ ಬಂದಂದಿನಿಂದ ಪಂಡಿತರು ಒಮ್ಮತಕ್ಕೆ ಬಂದಿಲ್ಲ. ಆರೋಗ್ಯಕ್ಕೆ ಹಾನಿಯೆಂಬುದು ಖಚಿತವಾದ ಮೇಲೆ ನಿಷಿದ್ಧವೆನ್ನುವವರ ಸಂಖ್ಯೆ ಹೆಚ್ಚಿದೆ. ಆ ಚರ್ಚೆ ಹಾಗಿರಲಿ. ಹರಾಜಿಗೆ ಮಾತ್ರ ಶಾಸ್ತ್ರದ ಸಮ್ಮತಿಯಿದೆ. ಬೇಡಲು ಬಂದ ಬಡವನೊಬ್ಬನ ಮನೆಯಲ್ಲಿದ್ದ ಒಂದು ಹಚ್ಚಡ ಮತ್ತು ಒಂದು ಬಟ್ಟಲನ್ನು ಪೈಗಂಬರರೇ ಹರಾಜು ಹಾಕಿದರೆಂದು ಹದೀಸ್ ಹೇಳುತ್ತದೆ. ಒಬ್ಬ ಒಂದು ದಿರ್ಹಂ ಎಂದ, ಇನ್ನೊಬ್ಬ ಎರಡು ಎಂದ. ಬಂದ ಎರಡರಲ್ಲಿ ಒಂದು ಮನೆಯ ಊಟಕ್ಕಾಯಿತು, ಇನ್ನೊಂದು ಕೊಡಲಿಗಾಯಿತು. ಸೌದೆ ಕಡಿದು ಮಾರಿದ ಆ ಮನುಷ್ಯ ಹದಿನೈದು ದಿನಗಳಲ್ಲಿ ಹತ್ತು ದಿರ್ಹಂ ಸಂಪಾದಿಸಿ ಬಂದನಂತೆ.

ನಿಷೇಧವಿರುವುದು ಹರಾಜಿನೊಳಗಿನ ಕಳ್ಳಕೂಗಿಗೆ. ಕೊಳ್ಳುವ ಮನಸ್ಸಿಲ್ಲದೆ, ಬೇರೊಬ್ಬನನ್ನು ಮೇಲಕ್ಕೆತ್ತಲು ಬೆಲೆ ಕೂಗುವುದಕ್ಕೆ ನಜಶ್ ಎಂದು ಹೆಸರು. ಇದು ಮಾರುವವನ ಕಡೆಯ ಮೋಸ. ಹಾಗೆಯೇ ಕೊಳ್ಳುವವನ ಕಡೆಯ ಮೋಸವೂ ಒಂದಿದೆ. ಹಳ್ಳಿಯಿಂದ ಸರಕು ಹೊತ್ತು ಬರುವವರನ್ನು ಪೇಟೆ ತಲುಪುವ ಮೊದಲೇ ದಾರಿಯಲ್ಲಿ ಅಡ್ಡಗಟ್ಟಿ, ಅಲ್ಲಿನ ಧಾರಣೆ ಅವರಿಗೆ ತಿಳಿಯುವ ಮುನ್ನ ಕೊಂಡುಬಿಡುವುದನ್ನು ಪೈಗಂಬರರು ತಡೆದರು. ಹಾಗೆ ಮಾರಿದವನು ಪೇಟೆಗೆ ಬಂದು ಬೆಲೆ ತಿಳಿದ ಮೇಲೆ ವ್ಯಾಪಾರವನ್ನು ಮುರಿಯುವ ಹಕ್ಕು ಪಡೆಯುತ್ತಾನೆ. ಹುಣಸೂರಿನ ಸಂತೆಯ ದಿನ ಬೆಳಗಿನ ಜಾವ ಊರಾಚೆಯ ರಸ್ತೆಯಲ್ಲಿ ಗಾಡಿಗಳಿಗಾಗಿ ಕಾಯುತ್ತಿದ್ದ ಸಣ್ಣ ಸಾಹುಕಾರರನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಎಲ್ಲ ಜಾತಿಯವರೂ ಅವರಲ್ಲಿದ್ದರು, ನಮ್ಮವರೂ ಇದ್ದರು.

ಇಲ್ಲಿಯೂ ಎಳೆ ಒಂದೇ. ಒಬ್ಬನಿಗೆ ತಿಳಿದಿದೆ, ಇನ್ನೊಬ್ಬನಿಗೆ ತಿಳಿದಿಲ್ಲ. ತಿಳಿದವನು ಆ ಅಂತರವನ್ನೇ ಬಂಡವಾಳ ಮಾಡಿಕೊಳ್ಳಬಾರದು. ಇಬ್ಬರಿಗೂ ತಿಳಿಯದೆ ಇದ್ದರೆ? ಅದೂ ತೊಡಕೇ. ಅದನ್ನು ಶಾಸ್ತ್ರವು ಘರರ್, ಅಂದರೆ ಅನಿಶ್ಚಯದ ವ್ಯಾಪಾರ, ಎನ್ನುತ್ತದೆ. ಹೆಗ್ಗಡದೇವನಕೋಟೆಯ ಶುಂಠಿ ಇದಕ್ಕೆ ಒಳ್ಳೆಯ ನಿದರ್ಶನ. ಕೇರಳದ ವಯನಾಡಿನ ಬೆಳೆಗಾರರು ಈ ಕಡೆ ಬಂದು ಭೂಮಿಯನ್ನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುವುದು ಹಲವು ವರ್ಷಗಳಿಂದ ನಡೆದಿದೆ. ಕೆಲವೊಮ್ಮೆ ಕೀಳುವ ಮೊದಲೇ, ಇಡೀ ಹೊಲವನ್ನು ಅಂದಾಜಿನ ಮೇಲೆ ವ್ಯಾಪಾರಿಗೆ ಮಾರಿಬಿಡುವುದೂ ಉಂಟು. ಗಿಡ ಮೇಲೆ ಕಾಣುತ್ತದೆ, ಗೆಡ್ಡೆ ಮಣ್ಣಿನೊಳಗಿದೆ. ಅರುವತ್ತು ಕಿಲೋದ ಚೀಲ ಎಷ್ಟಾದೀತು, ಕೊಳೆರೋಗ ಎಷ್ಟನ್ನು ತಿಂದಿದೆ ಎಂಬುದನ್ನು ಯಾರು ಬಲ್ಲರು?

ಕುತೂಹಲದ ಸಂಗತಿಯೆಂದರೆ, ಮಣ್ಣಿನೊಳಗಿನ ಬೆಳೆಯ ಮಾರಾಟವನ್ನು ಕುರಿತು ಶಾಸ್ತ್ರಜ್ಞರು ನೂರಾರು ವರ್ಷಗಳ ಹಿಂದೆಯೇ, ಈರುಳ್ಳಿ ಮೂಲಂಗಿಗಳನ್ನು ಮುಂದಿಟ್ಟುಕೊಂಡು, ವಾದಿಸಿದ್ದಾರೆ. ಮಲಬಾರಿನ ಮುಸ್ಲಿಮರು ಸಾಮಾನ್ಯವಾಗಿ ಶಾಫಿ ಪಂಥದವರು. ಕಣ್ಣಿಗೆ ಕಾಣದ್ದನ್ನು ಕೀಳುವ ಮೊದಲು ಮಾರುವಂತಿಲ್ಲವೆಂದು ಆ ಪಂಥದ ಮತ. ಮೈಸೂರು ಸೀಮೆಯ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಮಾರಬಹುದು, ಆದರೆ ಕಿತ್ತು ಕಣ್ಣಾರೆ ಕಂಡಮೇಲೆ ಬೇಡವೆನ್ನುವ ಹಕ್ಕು ಕೊಂಡವನಿಗೆ ಉಳಿಯುತ್ತದೆಯೆಂದು ಈ ಪಂಥದ ಮತ. ಎಲೆಯನ್ನು ನೋಡಿ ಬೇರನ್ನು ಅಳೆಯಬಲ್ಲ ಅನುಭವಿಗಳು ಇದ್ದೇ ಇದ್ದಾರೆ, ಆದುದರಿಂದ ತೊಡಕಿಲ್ಲವೆಂದು ಇಬ್ನ್ ತೈಮಿಯ್ಯಾ ಎಂಬ ಪಂಡಿತರು ವಾದಿಸಿದರು. ಹೀಗಾಗಿ ವಯನಾಡಿನ ಬೆಳೆಗಾರನೂ ಹುಣಸೂರಿನ ವ್ಯಾಪಾರಿಯೂ ಒಂದೇ ಮಸೀದಿಯ ಒಂದೇ ಸಾಲಿನಲ್ಲಿ ನಿಂತು ನಮಾಜು ಮಾಡಿ, ಹೊರಗೆ ಬಂದು ಅದೇ ಶುಂಠಿಯ ವಿಷಯದಲ್ಲಿ ಎರಡು ತೀರ್ಪುಗಳನ್ನು ಹೊಂದಿರಬಹುದು. ಧರ್ಮಶಾಸ್ತ್ರವೆಂದರೆ ಕಲ್ಲಿನಲ್ಲಿ ಕೊರೆದ ಒಂದೇ ಅಕ್ಷರವೆಂದು ಭಾವಿಸುವವರು ಇದನ್ನು ಗಮನಿಸಬೇಕು. ತೀರ್ಪುಗಳು ಬೇರೆಯಾದರೂ, ಒಬ್ಬನ ನಷ್ಟವನ್ನು ಜೂಜಿಗೆ ಬಿಡಬಾರದೆಂಬ ಚಿಂತೆ ಎಲ್ಲರದೂ ಒಂದೇ.

ಇನ್ನು ಸಾಲದ ಮಾತು. ಬಡ್ಡಿ ನಿಷಿದ್ಧವೆಂಬುದು ಎಲ್ಲರೂ ಬಲ್ಲದ್ದು. ಆದರೆ ನಮ್ಮ ಹಳ್ಳಿಗಳಲ್ಲಿ ಬಡ್ಡಿ ಯಾವಾಗಲೂ ಬಡ್ಡಿಯೆಂಬ ಹೆಸರಿನಲ್ಲಿಯೇ ಬರುವುದಿಲ್ಲ. ಬಿತ್ತನೆಯ ಕಾಲದಲ್ಲಿ ಮುಂಗಡ ಕೊಟ್ಟು, ಕೊಯ್ಲಿನಲ್ಲಿ ಬೆಳೆಯನ್ನು ತಾನು ಹೇಳಿದ ಬೆಲೆಗೇ ಒಯ್ಯುವ ಸಾಹುಕಾರ ಬಡ್ಡಿಯ ಹೆಸರೆತ್ತುವುದಿಲ್ಲ. ಬಡ್ಡಿಯನ್ನು ಧಾರಣೆಯೊಳಗೆ ಅಡಗಿಸಿರುತ್ತಾನೆ. ಮುಂಗಡದ ವ್ಯಾಪಾರಕ್ಕೆ ಇಸ್ಲಾಂ ಒಂದು ದಾರಿಯನ್ನು ತೆರೆದಿಟ್ಟಿದೆ. ಅದಕ್ಕೆ ಸಲಂ ಎಂದು ಹೆಸರು. ಪ್ರವಾದಿಗಳು ಮದೀನಕ್ಕೆ ಬಂದಾಗ ಅಲ್ಲಿನ ಜನ ಖರ್ಜೂರಕ್ಕೆ ಒಂದೆರಡು ವರ್ಷ ಮೊದಲೇ ಹಣ ಕೊಡುವ ರೂಢಿಯಿತ್ತು. ಅದನ್ನು ಅವರು ನಿಲ್ಲಿಸಲಿಲ್ಲ. ಅಳತೆ, ತೂಕ, ಅವಧಿಗಳು ಮೊದಲೇ ನಿಶ್ಚಯವಾಗಿರಲಿ ಎಂದರು. ಮುಂದೆ ಶಾಸ್ತ್ರಜ್ಞರು ಸರಕಿನ ಗುಣವೂ ನಿಶ್ಚಯವಾಗಬೇಕು, ಪೂರ್ತಿ ಬೆಲೆಯನ್ನು ಮೊದಲೇ ಕೊಟ್ಟುಬಿಡಬೇಕು ಎಂದು ಬಿಗಿಗೊಳಿಸಿದರು. ಇಷ್ಟು ಪಲ್ಲ ಭತ್ತ, ಇಂಥ ತಳಿ, ಇಂಥ ತಿಂಗಳು, ಇಷ್ಟು ರೂಪಾಯಿ—ಎಲ್ಲವನ್ನೂ ಬಿತ್ತುವ ದಿನವೇ ಬಾಯಿಬಿಟ್ಟು ಹೇಳಿದರೆ ಸಲಂ; ಬೆಲೆಯನ್ನು ಸಾಹುಕಾರನ ನಾಲಗೆಯ ಮೇಲೆ ಬಿಟ್ಟರೆ ಅದು ಸಲಂ ಅಲ್ಲ.

ಸಾಲವನ್ನು ಬರೆದಿಡಬೇಕೆಂಬ ವಿಧಿ ಕುರಾನಿನ ಅತ್ಯಂತ ದೀರ್ಘವಾದ ವಾಕ್ಯದಲ್ಲಿ, ಎರಡನೆಯ ಅಧ್ಯಾಯದ 282ನೆಯ ಆಯತ್‌ನಲ್ಲಿ, ಇದೆ. ಪ್ರಾರ್ಥನೆಯನ್ನೋ ಸ್ವರ್ಗವನ್ನೋ ಕುರಿತದ್ದಲ್ಲ, ಸಾಲದ ಪತ್ರವನ್ನು ಕುರಿತದ್ದು ಆ ಗ್ರಂಥದ ಅತಿ ದೊಡ್ಡ ಆಯತ್ ಎಂಬುದು ಯೋಚಿಸಬೇಕಾದ ಸಂಗತಿ. ಅದರಲ್ಲಿ ಇನ್ನೊಂದು ವಿಶೇಷವಿದೆ. ಬರೆಯುವವನಿಗೆ ಮಾತನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಸಾಲ ತೆಗೆದುಕೊಂಡವನು. ಬಲಹೀನನ ಬಾಯಿಯಿಂದಲೇ ಪತ್ರ ಹುಟ್ಟಬೇಕು. ಜಾತ್ರೆಯಿಂದ ಮರಳಿದ ಮೇಲೆ ನನ್ನ ಶುಲ್ಕಕ್ಕಾಗಿ ತಂದೆ ಪರಿಚಿತ ಧಾನ್ಯದ ವ್ಯಾಪಾರಿಯೊಬ್ಬರಿಂದ ಬಡ್ಡಿಯಿಲ್ಲದ ಕೈಸಾಲ ತಂದರು. ಆ ಪುಣ್ಯಾತ್ಮರು ಪತ್ರವೇನೂ ಬೇಡವೆಂದರೂ, ಓದು ಬರಹ ಅಷ್ಟಾಗಿ ಬಾರದ ತಂದೆ ತಾವು ಹೇಳುತ್ತ ನನ್ನ ಕೈಯಲ್ಲಿಯೇ ಅದನ್ನು ಬರೆಸಿದರು. ಅದರ ಅರ್ಥ ಅಂದು ನನಗೆ ತಿಳಿದಿರಲಿಲ್ಲ.

ಹಾಗಾದರೆ ಇಸ್ಲಾಂ ಲಾಭವನ್ನು ತಡೆಯುತ್ತದೆಯೇ ಎಂದು ನೀವು ಕೇಳಬಹುದು. ಇಲ್ಲ. ಲಾಭಕ್ಕೆ ನೂರಕ್ಕೆ ಇಷ್ಟೆಂಬ ಮಿತಿಯನ್ನು ಅದು ಇಟ್ಟಿಲ್ಲ. ಮದೀನದಲ್ಲಿ ಬೆಲೆಗಳು ಏರಿ ಜನರು ಧಾರಣೆಯನ್ನು ಗೊತ್ತುಪಡಿಸಿರೆಂದು ಕೇಳಿದಾಗ, ಪೈಗಂಬರರು ಯಾರಿಗೂ ಅನ್ಯಾಯವಾಗಬಾರದೆಂದು ನಿರಾಕರಿಸಿದರು. ಧಾನ್ಯವನ್ನು ಬಚ್ಚಿಟ್ಟು ಬೆಲೆ ಏರಿಸುವುದನ್ನು ಮಾತ್ರ ಖಂಡಿಸಿದರು. ಲಾಭಕ್ಕೆ ಗೆರೆಯಿಲ್ಲ, ಮೌನಕ್ಕೆ ಗೆರೆಯಿದೆ. ಕೊಳ್ಳುವವನೂ ಮಾರುವವನೂ ನಿಜವನ್ನು ಹೇಳಿ ಎಲ್ಲವನ್ನೂ ಸ್ಪಷ್ಟಪಡಿಸಿದರೆ ಅವರ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟರೆ ಅದು ಅಳಿಸಿಹೋಗುತ್ತದೆ ಎಂದು ಹದೀಸಿನ ಅಭಿಪ್ರಾಯ.

ನನ್ನ ಮಾತು ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಎತ್ತಿನ ಪ್ರಸಂಗವನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ, ಒಣಗಿದ್ದನ್ನು ಮೇಲಿಟ್ಟು ನೆನೆದದ್ದನ್ನು ಕೆಳಗಿಟ್ಟಂತಾಗುತ್ತದೆ.

ಅಧ್ಯಾಪಕನಾಗಿದ್ದಾಗ ಹುಣಸೂರಿನ ಅಂಚಿನಲ್ಲಿ ನಾನೊಂದು ನಿವೇಶನ ಕೊಂಡಿದ್ದೆ. ತಗ್ಗಿನ ಜಾಗ. ಮಳೆಗಾಲದಲ್ಲಿ ಮೇಲಿನ ಕೆರೆ ಕೋಡಿ ಬಿದ್ದರೆ ಹತ್ತು ಹದಿನೈದು ದಿನ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. 2011ರ ಮಾರ್ಚಿಯಲ್ಲಿ, ನೆಲ ಒಣಗಿ ಬಿರುಕು ಬಿಟ್ಟಿದ್ದ ಕಾಲದಲ್ಲಿ, ಅದನ್ನು ನಿವೃತ್ತ ಬಸ್ ಚಾಲಕರೊಬ್ಬರಿಗೆ ಮಾರಿದೆ. ಅವರು ಪತ್ರಗಳನ್ನು ನೋಡಿದರು, ರಸ್ತೆಯ ಅಗಲವನ್ನು ಕೇಳಿದರು, ವಿದ್ಯುತ್ ಕಂಬವನ್ನು ಕೇಳಿದರು. ನೀರಿನ ವಿಷಯ ಕೇಳಲಿಲ್ಲ. ನಾನು ಹೇಳಲಿಲ್ಲ. ಸ್ಥಿರಾಸ್ತಿಯನ್ನು ಮಾರುವವನು ತನಗೆ ತಿಳಿದ, ಕೊಳ್ಳುವವನು ಸಾಧಾರಣ ಎಚ್ಚರದಿಂದ ಕಂಡು ಹಿಡಿಯಲಾರದ ದೋಷವನ್ನು ತಿಳಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆಯ ಕಾಯಿದೆ ಹೇಳುತ್ತದೆಯೆಂಬುದು ನನಗೆ ಆಗ ಗೊತ್ತಿರಲಿಲ್ಲ. ಆದರೆ ವಾಸಿಲಾ ಗೊತ್ತಿದ್ದರು, ಒದ್ದೆ ಧಾನ್ಯ ಗೊತ್ತಿತ್ತು, ಚುಂಚನಕಟ್ಟೆಯ ಲಾಟೀನು ಗೊತ್ತಿತ್ತು. ಹಿಂದಕ್ಕೆ ಕಳುಹಿಸಲು ತಂದೆ ಮಾತ್ರ ಇರಲಿಲ್ಲ.

ಹನಫಿ ಪಂಥದ ಮೂಲಪುರುಷರಾದ ಇಮಾಂ ಅಬೂ ಹನೀಫಾ ಕೂಫಾ ನಗರದ ಬಟ್ಟೆ ವ್ಯಾಪಾರಿಗಳು. ದೋಷವಿದ್ದ ಒಂದು ಬಟ್ಟೆಯನ್ನು ಅವರ ಪಾಲುದಾರ ದೋಷ ಹೇಳದೆ ಮಾರಿಬಿಟ್ಟಾಗ, ಕೊಂಡವನು ಯಾರೆಂದು ತಿಳಿಯದೆ ಹೋದದ್ದರಿಂದ, ಬಂದ ಹಣವನ್ನೆಲ್ಲ ಅವರು ದಾನ ಮಾಡಿದರೆಂದು ಚರಿತ್ರಕಾರರು ಬರೆಯುತ್ತಾರೆ. ನಾನು ಅಷ್ಟು ಸುಲಭವಾಗಿ ಪಾರಾಗುವಂತಿರಲಿಲ್ಲ; ಕೊಂಡವರು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಿವೃತ್ತನಾದ ಮೇಲೆ, 2021ರಲ್ಲಿ, ಅವರನ್ನು ಹುಡುಕಿಕೊಂಡು ಮೈಸೂರಿಗೆ ಹೋದೆ. ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ಮಳೆಗಾಲ ನೋಡಿ ತಾವೂ ಅದನ್ನು ಮಾರಿಬಿಟ್ಟುದಾಗಿ ಹೇಳಿದರು. ಮಾರಿದ್ದು ಯಾವಾಗ ಎಂದೆ. "ಬೇಸಿಗೆಯಲ್ಲಿ" ಎಂದರು. ಮತ್ತೆ ನಿಧಾನವಾಗಿ, "ನೀವು ಹೇಳಿದ್ದರೆ ನಾನೂ ಹೇಳುತ್ತಿದ್ದೆನೇನೋ" ಎಂದರು.

ಆ ಜಾಗದಲ್ಲಿ ಈಗ ಒಂದು ಮನೆಯಿದೆ. ನೀರಿಗೆ ಹೆದರಿ ಅಡಿಪಾಯವನ್ನು ಮೂರು ಅಡಿ ಎತ್ತರಿಸಿದ್ದಾರೆ. ಆ ಮನೆಯ ಯಜಮಾನಿತಿಯನ್ನು ಕಂಡು, ಆ ಖರ್ಚಿನಲ್ಲಿ ನನ್ನ ಪಾಲೆಂದು ಸ್ವಲ್ಪ ಹಣವನ್ನು ಮುಂದಿಟ್ಟೆ. ಬೇಡವೆನ್ನಲಿಲ್ಲ, ಎಣಿಸಿ ತೆಗೆದುಕೊಂಡರು. ಹಾಗೆ ತೆಗೆದುಕೊಂಡದ್ದೇ ಸರಿಯೆಂದು ನನಗೆ ತೋರಿತು. ಮೈಸೂರಿನವರ ಮಾತಿಗೆ ಮಾತ್ರ ಯಾವ ಹಣವನ್ನು ಎಣಿಸಿ ಕೊಡಬೇಕೆಂದು ಇನ್ನೂ ತಿಳಿದಿಲ್ಲ.

ಬಾನುಲಿಯ ಮುಂದೆ ಕುಳಿತು ಇದನ್ನೆಲ್ಲ ಹೇಳುವುದು ಸುಲಭ. ಕೊಳ್ಳುವವನು ಎದುರಿಗೆ ನಿಂತು, ಕೈಯಲ್ಲಿ ಹಣ ಹಿಡಿದು, ಏನನ್ನೂ ಕೇಳದೆ ಇರುವಾಗ ಹೇಳುವುದು ಕಷ್ಟ. ನಾಳೆ ಹರಾಜುಕಟ್ಟೆಗೋ ಸಂತೆಗೋ ಹೊರಡುವ ಶ್ರೋತೃಗಳು ಯಾರಾದರೂ ಇದ್ದರೆ, ಕೊಳ್ಳಲು ಬಂದವರನ್ನು ಒಂದು ಮಾತು ಕೇಳಿ: ಹೊಲಕ್ಕೋ, ಗದ್ದೆಗೋ?